ಬಿಲ್ಲೆ ಕಿಟಕಿಯವರು

ಕಳೆದ ಭಾನುವಾರ ಬಂಗಾರಪೇಟೆಯ ಒಂದು ಶಾಲೆಯ ಸಭಾಂಗಣದಲ್ಲಿ ಬಿಲ್ಲೆ ಕಿಟಕಿಯವರ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದ ಐವರಲ್ಲಿ ನಾಲ್ವರು, ಅವರಿಗೆ ಕೋಪ ಎಂಬುದೇ ಗೊತ್ತಿರಲಿಲ್ಲ ಎಂದರು. ಐದನೆಯವರು ಅವರದು ಹಸುವಿನಂಥ ಸ್ವಭಾವ ಎಂದರು. ನಾನು ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದೆ. ಎರಡು ದಿನ ಬಿಟ್ಟು ಇದನ್ನು ಬರೆಯಲು ಕೂತೆ.

ನಾನು ಕಂಡ ಮನುಷ್ಯನಲ್ಲಿ ಕೋಪವೇ ಹೆಚ್ಚಿತ್ತು. ಅದು ಕೂಗುವ ಕೋಪವಾಗಿರಲಿಲ್ಲ. ಸಿಟ್ಟು ಬಂದಾಗ ಅವರು ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಒಂದೇ ಸಾಲಿಗೆ ಜೋಡಿಸುತ್ತಿದ್ದರು. ಬೆಂಕಿಪೊಟ್ಟಣ, ಟೀ ಲೋಟ, ಕನ್ನಡಕದ ಡಬ್ಬಿ, ಪೆನ್ಸಿಲ್ಲು. ಬೆರಳಿನಿಂದ ಒಂದೊಂದನ್ನೇ ತಳ್ಳಿ, ಸಾಲು ನೆಟ್ಟಗಾಗುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಇದನ್ನು ನೋಡಿದವರು ಶಾಂತ ಸ್ವಭಾವ ಎಂದುಕೊಂಡಿರಬೇಕು.

ಅವರು ಕೋಲಾರದ ಚಿನ್ನದ ಗಣಿಯ ಒಂದು ಶಾಫ್ಟಿನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯ ಬಾಯಲ್ಲಿ, ಬಿಲ್ಲೆ ಕಿಟಕಿಯ ಗುಮಾಸ್ತರು. ಗಣಿಯೊಳಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಆ ಕಿಟಕಿಯಲ್ಲಿ ಕೊಟ್ಟು, ತಲೆದೀಪ ತೆಗೆದುಕೊಂಡು ಹೋಗಬೇಕು. ಇವರು ಬಿಲ್ಲೆಯನ್ನು ಗೋಡೆಯ ಹಲಗೆಯಲ್ಲಿ ಅದರದರ ಮೊಳೆಗೆ ನೇತುಹಾಕುತ್ತಾರೆ. ಶಿಫ್ಟ್ ಮುಗಿಸಿ ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ವಾಪಸು ಪಡೆಯುತ್ತಾನೆ. ಹಲಗೆಯಲ್ಲಿ ಬಿಲ್ಲೆ ಉಳಿದರೆ ಮನುಷ್ಯ ಕೆಳಗೆ ಉಳಿದಿದ್ದಾನೆ ಎಂದರ್ಥ. ಇಷ್ಟೇ ಅವರ ಕೆಲಸ. ಊರು ಬೇತಮಂಗಲದ ಕಡೆ. ಮನೆಯಲ್ಲಿ ಕನ್ನಡ, ಹೆಂಡತಿಯ ತವರಿನವರ ಜೊತೆ ತೆಲುಗು, ಕಿಟಕಿಯಲ್ಲಿ ತಮಿಳು. ಹೆಸರು ಕೇಳಿ ಯಾರನ್ನೂ ಅವರು ಗುರುತಿಸುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಒಂದು ಕ್ಷಣ ಮುಖ ನೋಡಿ ನಂಬರು ಹೇಳುತ್ತಿದ್ದರು. ಆ ಮನುಷ್ಯ ನಗುತ್ತಿದ್ದ. ಅಲ್ಲಿಗೆ ಪರಿಚಯ ಮುಗಿಯುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದು ಬಂಗಾರಪೇಟೆಯ ಲೈಬ್ರರಿಯಲ್ಲಿ. ಎಂಬತ್ತರ ದಶಕದ ಕೊನೆ. ನಾನು ಆಗ ಬೆಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡು ಡಿಕ್ಷನರಿ ತಿರುವುತ್ತಿದ್ದರು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, ಪೀಠಿಕೆಯಿಲ್ಲದೆ ಕೇಳಿದರು:

"ಏನಮ್ಮಾ, ಇಂಗ್ಲಿಷ್ ಓದ್ತೀಯಾ?"

"ಓದ್ತೀನಿ."

"ಅರ್ಥ ಆತದಾ, ಸುಮ್ನೆ ಓದ್ತೀಯಾ?"

ನನಗೆ ಸಿಟ್ಟು ಬಂತು. ಅವರು ತೋರಿಸಿದ ಪದದ ಅರ್ಥ ಹೇಳಿದೆ. ಅವರು ಅದನ್ನು ಬರೆದುಕೊಂಡು, ಮುಂದಿನದನ್ನು ತೋರಿಸಿದರು. ಅವತ್ತು ಹೀಗೆ ಹದಿನೇಳು ಪದಗಳಾದವು. ಥ್ಯಾಂಕ್ಸ್ ಹೇಳಲಿಲ್ಲ. "ಬರೋ ಭಾನುವಾರ ಬತ್ತೀಯಾ?" ಎಂದರು.

ಅವರ ಕೈಯಲ್ಲಿದ್ದದ್ದು ಯುರೋಪಿನ ಯಾವುದೋ ಭಾಷೆಯಿಂದ ಇಂಗ್ಲಿಷಿಗೆ ಬಂದ ಒಂದು ನಾಟಕ. ಗಣಿಯ ಆಫೀಸರುಗಳ ಕ್ಲಬ್ಬು ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಿದಾಗ ರಾಬರ್ಟ್‌ಸನ್‌ಪೇಟೆಯ ರದ್ದಿ ಅಂಗಡಿಗೆ ಬಂದದ್ದು. ರಟ್ಟು ಹೋಗಿತ್ತು, ಹೆಸರಿನ ಹಾಳೆ ಹೋಗಿತ್ತು, ಕೊನೆಯ ಕೆಲವು ಪುಟಗಳಲ್ಲಿ ಅಂಗಡಿಯವನು ಆಗಲೇ ಕಡಲೆಕಾಯಿ ಪೊಟ್ಟಣ ಕಟ್ಟಿದ್ದ. ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾಟಕದಲ್ಲಿ ಹೇಳಿಕೊಳ್ಳುವಂಥ ಕಥೆಯಿಲ್ಲ. ಒಂದು ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರು ಸಾಮಾನು ಇಟ್ಟುಹೋಗುವ ಕೋಣೆ. ಒಬ್ಬ ಹೆಂಗಸು ರಸೀತಿ ಹಿಡಿದು ತನ್ನ ಪೆಟ್ಟಿಗೆ ಕೇಳಲು ಬರುತ್ತಾಳೆ. ಗುಮಾಸ್ತ ಪೆಟ್ಟಿಗೆಯಲ್ಲಿ ಏನಿದೆ ಹೇಳು ಎನ್ನುತ್ತಾನೆ. ಅವಳು ಹೇಳುತ್ತಾಳೆ. ಇನ್ನೊಂದು ಸಾಮಾನು ಬಿಟ್ಟೆ, ನಾಳೆ ಬಾ ಎನ್ನುತ್ತಾನೆ. ಮರುದಿನ ಮತ್ತೆ ಅದೇ. ನಮಗೆ ಕ್ಲಾಸಿನಲ್ಲಿ ಇಂಥ ನಾಟಕಗಳನ್ನು ಪಾಠ ಮಾಡುವಾಗ ಅಸಂಗತತೆ, ಅಸ್ತಿತ್ವ, ಶೂನ್ಯ ಎಂಬ ಮಾತುಗಳು ಬರುತ್ತಿದ್ದವು. ನಾನು ಅವನ್ನು ಅವರಿಗೆ ಹೇಳಿದೆ. ಅವರು ಪೆನ್ಸಿಲನ್ನು ಡಿಕ್ಷನರಿಯ ಪಕ್ಕಕ್ಕೆ ನೆಟ್ಟಗೆ ಇಟ್ಟರು.

"ಇದರಾಗೆ ಏನೂ ಶೂನ್ಯ ಇಲ್ಲ ಕಣಮ್ಮ. ಇದು ನಾನು ದಿನಾ ಮಾಡೋ ಕೆಲ್ಸ."

ಆ ನಾಟಕವನ್ನು ಅವರು ಕನ್ನಡಕ್ಕೆ ತರುತ್ತಿದ್ದರು. ಅವರ ರೂಪಾಂತರದಲ್ಲಿ ಸ್ಟೇಷನ್ ಹೋಗಿ ಶಾಫ್ಟ್ ಬಂತು, ಪೆಟ್ಟಿಗೆ ಹೋಗಿ ಬಿಲ್ಲೆ ಬಂತು. ಕೆಳಗೆ ಬಂಡೆ ಸಿಡಿದು ಊರೆಲ್ಲ ಅದುರಿದ ಮೇಲೆ ಒಬ್ಬ ಹೆಂಗಸು ಕಿಟಕಿಗೆ ಬಂದು, ಗಂಡನ ಬಿಲ್ಲೆ ಹಲಗೆಯಲ್ಲಿ ಇದೆಯೋ ಇಲ್ಲವೋ ನೋಡಿ ಹೇಳು ಎಂದು ಕೇಳುತ್ತಾಳೆ. ಬದಲಾವಣೆಗೆ ಅವರು ಕೊಟ್ಟ ಕಾರಣ ನನ್ನ ಯಾವ ಪ್ರಾಧ್ಯಾಪಕರಿಗೂ ಹೊಳೆಯುತ್ತಿರಲಿಲ್ಲ. "ಅಲ್ಲಿ ಆಯಮ್ಮನ ಕೈಯಾಗೆ ರಸೀತಿ ಐತೆ. ನಮ್ಮೋಳ ಕೈಯಾಗೆ ಏನೈತೆ? ಅದ್ಕೆ ನಮ್ ನಾಟಕದಾಗೆ ಅವ್ಳು ಕೈ ಆಡಿಸ್ಬಾರ್ದು. ಕಿಟಕಿ ಕಂಬಿ ಹಿಡ್ಕೊಂಡೇ ಇರ್ಬೇಕು."

ಗಣಿಯ ಊರಿನಲ್ಲಿ ನಾಟಕ ಆಡುವುದು ಕಷ್ಟ. ಒಬ್ಬನಿಗೆ ಬೆಳಗಿನ ಶಿಫ್ಟ್, ಒಬ್ಬನಿಗೆ ರಾತ್ರಿ. ತಾಲೀಮಿಗೆ ಎಲ್ಲರೂ ಸೇರುವುದೇ ಇಲ್ಲ. ಹಾಗಾಗಿ ಅವರು ಮತ್ತು ಕೆಲವು ಗೆಳೆಯರು ನಾಟಕ ಓದುತ್ತಿದ್ದರು. ಭಾನುವಾರ ಮಧ್ಯಾಹ್ನ, ರಾಬರ್ಟ್‌ಸನ್‌ಪೇಟೆಯ ಒಬ್ಬ ಟೈಲರನ ಅಂಗಡಿಯ ಮೇಲಿನ ಕೋಣೆಯಲ್ಲಿ ಯಾರು ಬಂದರೋ ಅವರ ಕೈಗೆ ಒಂದು ಪಾತ್ರದ ಹಾಳೆ. ನನ್ನ ಚಿಕ್ಕಮ್ಮನ ಮನೆ ಅದೇ ಬೀದಿಯಲ್ಲಿದ್ದದ್ದರಿಂದ ನನಗೆ ಹೋಗಲು ಅಡ್ಡಿಯಾಗಲಿಲ್ಲ. ಹೆಂಗಸಿನ ಪಾತ್ರ ಓದಲು ಅಲ್ಲಿಯವರೆಗೆ ಗಂಡಸರೇ ಇದ್ದರು. ಅದು ನನಗೆ ಬಂತು. ಗುಮಾಸ್ತನದನ್ನು ಅವರೇ ಓದುತ್ತಿದ್ದರು.

ಮೊದಲ ಸಲ ಓದುವಾಗ ನಾನು ದನಿ ನಡುಗಿಸಿದೆ. ಹಾಗೆ ಓದಬೇಕು ಎಂದುಕೊಂಡಿದ್ದೆ. ಅವರು ಅರ್ಧಕ್ಕೇ ನಿಲ್ಲಿಸಿದರು.

"ಅಳ್ತಾ ಓದ್ಬ್ಯಾಡಮ್ಮ. ಅವ್ಳು ಅಳಾಕೆ ಬಂದಿಲ್ಲ. ಕೇಳಾಕೆ ಬಂದವ್ಳೆ."

"ಗಂಡ ಸತ್ತಿರ್ಬಹುದು ಅಂತ ಅವಳಿಗೆ ಅನುಮಾನ ಇಲ್ವಾ ಸಾರ್?"

"ಐತೆ. ಅದ್ಕೇ ಅಳಲ್ಲ. ಅತ್ರೆ ನಾನು ಕಿಟಕಿ ಮುಚ್ಕೊಂಡು ಓಗ್ಬೋದು. ಅಳ್ದೆ ನಿಂತ್ರೆ ಓಗಾಕಾಗಲ್ಲ."

ಅವರ ಮಾತಿನಲ್ಲಿ ನಾಟಕದ ಗುಮಾಸ್ತ 'ನಾನು' ಆದದ್ದನ್ನು ನಾನು ಗಮನಿಸಿದೆ. ಕೇಳಲಿಲ್ಲ. ಇನ್ನೊಬ್ಬರ ವಿಷಯ ಕೆದಕುವುದು ನನ್ನ ಸ್ವಭಾವವಲ್ಲ.

ಊರವರ ಮುಂದೆ ಓದಿದ ದಿನ ಕೋಣೆ ತುಂಬಿತ್ತು. ಗಣಿ ಕೆಲಸಗಾರರ ಲೈನ್ ಮನೆಗಳಿಂದ ಕೆಲವು ಹೆಂಗಸರೂ ಬಂದು ಗೋಡೆಗೆ ಒರಗಿ ಕೂತಿದ್ದರು. ನಾವಿಬ್ಬರೂ ಎದುರುಬದುರು ಸ್ಟೂಲಿನ ಮೇಲೆ, ನನ್ನ ಕೈಯಲ್ಲಿ ಹಾಳೆ, ಅವರ ಕೈಯಲ್ಲಿ ನಾಟಕ ಬರೆದ ನೋಟ್‌ಬುಕ್ಕು. ಗುಮಾಸ್ತ ನಂಬರು ಕೇಳುತ್ತಾನೆ. ಹೆಂಗಸು "ತೊಂಬತ್ತೊಂದು" ಎನ್ನುತ್ತಾಳೆ. ಅವನು ಹಲಗೆಯ ಕಡೆ ತಿರುಗಿಯೂ ನೋಡದೆ "ಶಿಫ್ಟ್ ಮುಗೀಲಿ, ನಾಳೆ ಬಾ" ಎನ್ನುತ್ತಾನೆ. ಮೂರನೆಯ ಸಲ ನಾನು ತೊಂಬತ್ತೊಂದು ಎಂದಾಗ ಗೋಡೆಯ ಕಡೆಯಿಂದ ತಮಿಳು ಬೆರೆತ ಒಂದು ಹೆಂಗಸಿನ ದನಿ ಬಂತು.

"ಎನ್ನಾ ಸಾರ್ ಇದು. ತೊಂಬತ್ತೊಂದು ಮೇಲ್ ಕೆಲ್ಸದವ್ರ ನಂಬರ್ ಅಲ್ವಾ? ಮೇಲ್ ಇರೋನು ಒಳ್ಗೆ ಎಂಗೆ ಸತ್ತ?"

ಕೋಣೆಯೆಲ್ಲ ನಕ್ಕಿತು. ನೂರರ ಒಳಗಿನ ನಂಬರುಗಳು ಗಣಿಯ ಮೇಲ್ಭಾಗದಲ್ಲಿ ಕೆಲಸ ಮಾಡುವವರವು ಎಂಬುದು ಅಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬಿಲ್ಲೆ ಕಿಟಕಿಯ ಇವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಒಳಗೆ ಇಳಿದ ಯಾರ ನಂಬರನ್ನೂ ಹಾಳೆಯ ಮೇಲೆ ಬರೆಯಲು ಧೈರ್ಯ ಸಾಲದೆ, ಯಾರನ್ನೂ ನೋಯಿಸದ ನಂಬರನ್ನು ಹುಡುಕಿ ಹಾಕಿದ್ದರು.

ಆ ಹೆಂಗಸು ನಗಲಿಲ್ಲ. ಎದ್ದು ನಿಂತರು. ಐವತ್ತರ ಹತ್ತಿರದ ವಯಸ್ಸು, ಹಣೆ ಖಾಲಿ.

"ನಮ್ ಮನೆಯವ್ರ ನಂಬರ್ ಆಕು ಸಾರ್. ಇಪ್ಪತ್ತೆರಡು ಹದಿನೇಳು. ಮೂರು ದಿನ ಇಂಗೇ ಅಂದೆ ನೀನು ನಂಗೆ. ಶಿಫ್ಟ್ ಮುಗೀಲಿ, ಶಿಫ್ಟ್ ಮುಗೀಲಿ. ನಿನ್ ಬೆನ್ನಿಂದೆ ಬಿಲ್ಲೆ ಇತ್ತು. ನಂಗೆ ಕಾಣ್ತಿತ್ತು."

ಮೇಲಿನ ಆಫೀಸಿನಿಂದ ಕಾಗದ ಬರುವವರೆಗೆ ಕಿಟಕಿಯಲ್ಲಿ ಯಾರಿಗೂ ಏನೂ ಹೇಳಬಾರದು ಎಂಬುದು ನಿಯಮ. ಇವರು ನಿಯಮದ ಹೆಸರು ಎತ್ತಲಿಲ್ಲ. ಕ್ಷಮಿಸಿ ಎಂದೂ ಹೇಳಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು, ತಮ್ಮ ನೋಟ್‌ಬುಕ್ಕಿನಲ್ಲಿ ತೊಂಬತ್ತೊಂದು ಇದ್ದ ಕಡೆಯೆಲ್ಲ ಹೊಡೆದುಹಾಕಿ ಹೊಸದು ಬರೆದರು. ಹನ್ನೊಂದು ಕಡೆ. ನಾವೆಲ್ಲ ಕಾದೆವು. ಆಮೇಲೆ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿ, "ಮೊದ್ಲಿಂದ ಓದಮ್ಮ" ಎಂದರು.

ಪುಸ್ತಕದಲ್ಲಿ ಇಲ್ಲದ ಕೊನೆಯ ಪುಟಗಳನ್ನು ಇವರೇ ಬರೆದಿದ್ದರು. ಅವರ ಕೊನೆಯಲ್ಲಿ ಗುಮಾಸ್ತ ಹಲಗೆಯ ಕಡೆ ತಿರುಗುತ್ತಾನೆ, ಬಿಲ್ಲೆ ತೆಗೆದು ಕಿಟಕಿಯ ಮೇಲೆ ಇಡುತ್ತಾನೆ, ನಂಬರನ್ನು ಓದಿ ಹೇಳುತ್ತಾನೆ. ಅಷ್ಟೇ. ಅವತ್ತು ಅವರು ಅದನ್ನು ಹೇಳಿದ್ದು ನೋಟ್‌ಬುಕ್ ನೋಡಿ ಅಲ್ಲ, ಆ ಹೆಂಗಸಿನ ಕಡೆ ತಿರುಗಿ.

ಓದು ಮುಗಿದ ಮೇಲೆ ಆ ಹೆಂಗಸು ಹತ್ತಿರ ಬಂದರು. "ಎಲ್ಲಿ ಓದಿದ್ರೂ ಇದೇ ನಂಬರ್ ಓದ್ಬೇಕು ಸಾರ್. ಮಾತ್ ಕೊಡು."

"ಕೊಟ್ಟೆ ಕಣಮ್ಮ."

"ನೀನು, ಪಾಪಾ?" ಎಂದು ಮಗುವನ್ನು ಕರೆಯುವ ಹಾಗೆ ಕರೆದು ನನ್ನ ಕಡೆ ತಿರುಗಿದರು. ನಾನೂ ತಲೆಯಾಡಿಸಿದೆ. ಆಮೇಲೆ ಇವರು ಟೀ ತರಿಸಿದರು. ಆ ಹೆಂಗಸನ್ನು ಓದಿಗೆ ಕರೆದವರು ಇವರೇ ಎಂದು ತಿಳಿದದ್ದು ಆಗ. ಲೈನ್ ಮನೆಗೆ ಹೋಗಿ, ಏನು ಎತ್ತ ಎಂದು ಹೇಳದೆ, ಬನ್ನಿ ಎಂದಷ್ಟೇ ಹೇಳಿ ಬಂದಿದ್ದರಂತೆ.

ಇನ್ನು ನನ್ನ ವಿಷಯ.

ನನ್ನ ವಿಭಾಗದಲ್ಲಿ ರಂಗಭೂಮಿಯ ಹುಚ್ಚಿನ ಒಬ್ಬ ಪ್ರೊಫೆಸರ್ ಇದ್ದರು. ನಮ್ಮ ಊರಿನ ಕಡೆ ಹೀಗೊಂದು ಆಧುನಿಕ ರೂಪಾಂತರ ಇದೆ ಎಂದು ನಾನೇ ಅವರಿಗೆ ಹೇಳಿದೆ. ಅವರ ಕಣ್ಣು ಅರಳಿದ್ದು ನನಗೆ ಹೆಮ್ಮೆಯೆನಿಸಿತು. ನೋಟ್‌ಬುಕ್ಕನ್ನು ಇವರಿಂದ ಕೇಳಿ ಪಡೆದು, ಪುಸ್ತಕದ ಚೀಲದಲ್ಲಿ ಇಟ್ಟುಕೊಂಡು ಬೆಂಗಳೂರಿಗೆ ಒಯ್ದೆ. ಪೂರ್ತಿ ನಾಟಕ ಇದ್ದದ್ದು ಆ ಒಂದೇ ಪ್ರತಿಯಲ್ಲಿ. ಕೊಡುವಾಗ ಇವರು ಹೇಳಿದ್ದು ಒಂದೇ ಮಾತು: "ನಂಬರ್ ಸಂಗ್ತಿ ಏಳಮ್ಮ ಅವ್ರಿಗೆ."

ಹೇಳಿದೆ. ಪ್ರೊಫೆಸರ್ ನಕ್ಕರು. "ನಂಬರ್ ತುಂಬಾ ಲೋಕಲ್ ಆಗುತ್ತೆ. ಅವನು ಯಾವ ಮನುಷ್ಯನಾದರೂ ಆಗಬಹುದು ಅನ್ನಿಸಬೇಕು. ಹೆಂಗಸು ನಂಬರ್ ಹೇಳೋದೇ ಬೇಡ. ಮೌನ. ಸಾರ್ವತ್ರಿಕವಾಗುತ್ತೆ, ಅಲ್ವಾ?" ಭಾಷೆಯನ್ನೂ ಸ್ವಲ್ಪ ತಿದ್ದಬೇಕಾಗುತ್ತದೆ ಎಂದರು. ಆ ತೆಲುಗು, ತಮಿಳು ಬೆರಕೆ ಬೆಂಗಳೂರಿನ ಪ್ರೇಕ್ಷಕರಿಗೆ ದಕ್ಕುವುದಿಲ್ಲ. "ಅವರಿಗೊಂದು ಮಾತು ಕೇಳಿಬಿಡಿ, ಒಪ್ಪಿಗೆ ಇದೆಯಾ ಅಂತ."

ನಾನು ಕೇಳಲಿಲ್ಲ. ಕೇಳಿದರೆ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಒಂದು ವಾರ ಬಿಟ್ಟು, "ಒಪ್ಪಿದ್ದಾರೆ ಸಾರ್" ಎಂದೆ. ಆ ವರ್ಷ ನನಗೆ ಒಂದು ಶಿಫಾರಸು ಪತ್ರ ಬೇಕಿತ್ತು. ಅದರಿಂದಲೇ ನನಗೆ ಈಗಿನ ಕೆಲಸ ಸಿಕ್ಕಿದ್ದು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಪ್ರೊಫೆಸರ್ ಆಡಿಸಿದ ನಾಟಕ ನೋಡಲು ಇವರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ನನ್ನ ಜೊತೆ ಬೆಂಗಳೂರಿಗೆ ಬಂದರು. ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿ 'ಆಧುನಿಕ ರೂಪಾಂತರ ಮತ್ತು ನಿರ್ದೇಶನ' ಎಂಬುದರ ಮುಂದೆ ಪ್ರೊಫೆಸರರ ಹೆಸರಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಗಣಿಯ ಗೆಳೆಯರೊಬ್ಬರಿಗೆ ಕೃತಜ್ಞತೆಗಳು'. ಇವರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ನಾಟಕದಲ್ಲಿ ಹೆಂಗಸು ಬಿಳಿ ಸೀರೆ ಉಟ್ಟಿದ್ದಳು. ಮೊದಲಿನಿಂದ ಕೊನೆಯವರೆಗೂ ಅತ್ತಳು. ಗುಮಾಸ್ತ ನಂಬರು ಕೇಳಿದಾಗಲೆಲ್ಲ ಎರಡೂ ಕೈಗಳನ್ನು ಮೇಲಿನ ಬೆಳಕಿಗೆ ಎತ್ತಿ ಸುಮ್ಮನೆ ನಿಂತಳು. ಕೊನೆಯಲ್ಲಿ ಗುಮಾಸ್ತ ಹಲಗೆಗೆ ಬೆನ್ನು ಹಾಕಿಕೊಂಡೇ ಉಳಿದ, ದೀಪ ಆರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರು ಕೂತೇ ಇದ್ದರು. ನಾನು ಎದ್ದಿದ್ದೆ. ಎದ್ದಿದ್ದೆ ಎಂಬುದು ನನಗೆ ಈಗಲೂ ನೆನಪಾಗುತ್ತದೆ.

ವಾಪಸು ರೈಲಿನಲ್ಲಿ ಅವರು ನನ್ನ ಎದುರು ಕೂತರು. ಜೋಡಿಸಲು ಏನೂ ಸಿಗದೆ ತಮ್ಮ ಬೆರಳುಗಳನ್ನೇ ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು.

"ನಂಬರ್ ಯಾಕಮ್ಮಾ ತೆಗೆದ್ರು?"

"ಯಾವ ಮನುಷ್ಯನಾದರೂ ಆಗಬಹುದು ಅನ್ನಿಸಲಿ ಅಂತ ಸಾರ್."

"ಯಾವ ಮನುಷ್ಯನಾದ್ರೂ ಅಂಗೆ ಸಾಯಲ್ಲ ಕಣಮ್ಮ. ಇಳಿದೋನು ಸಾಯ್ತಾನೆ. ಇಳಿದೋನಿಗೆ ನಂಬರ್ ಇರ್ತದೆ." ಬೆರಳುಗಳನ್ನು ಮತ್ತೊಮ್ಮೆ ನೆಟ್ಟಗೆ ಮಾಡಿಕೊಂಡು: "ನನ್ನೆಸ್ರು ಓಗ್ಲಿ. ನಂಬರ್ ನಂದಲ್ಲ, ನಿಂದೂ ಅಲ್ಲ. ನಿಮ್ ಸಾರ್‌ಗೆ ನೀನು ಏಳ್ಲಿಲ್ವಾ?"

"ಹೇಳಿದೆ."

"ಅವ್ರು ಬ್ಯಾಡ ಅಂದಾಗ?"

ನಾನು ಕಿಟಕಿಯಾಚೆ ನೋಡಿದೆ. ಅವರು ಮತ್ತೆ ಕೇಳಲಿಲ್ಲ. ಮೂವತ್ತು ವರ್ಷ ಕಿಟಕಿಯ ಒಳಗೆ ಕೂತಿದ್ದವರಿಗೆ, ಉತ್ತರ ಗೊತ್ತಿದ್ದೂ ಸುಮ್ಮನಿರುವವರ ಮುಖ ಗುರುತು ಹಿಡಿಯುವುದು ಕಷ್ಟವಾಗಿರಲಾರದು.

ನೋಟ್‌ಬುಕ್ ವಾಪಸು ಬರಲಿಲ್ಲ. ಎಲ್ಲೋ ಇದೆ, ಹುಡುಕಿಸುತ್ತೇನೆ ಎಂದು ಪ್ರೊಫೆಸರ್ ಎರಡು ಸಲ ಹೇಳಿದರು. ಮತ್ತೆ ಬರೆಯಿರಿ ಎಂದು ನಾನು ಇವರನ್ನು ಕೇಳಿದ್ದಕ್ಕೆ, "ಎರಡ್ನೇ ಸಲ ಬರೆದ್ರೆ ಚೆಂದ ಮಾಡ್ಬೇಕು ಅನ್ನಿಸ್ತದೆ. ಅದು ಬ್ಯಾಡ" ಎಂದರು. ಅವರ ಮನೆಗೆ ಹೋದರೆ ಕಾಫಿ ಕೊಡಿಸುತ್ತಿದ್ದರು, ಓದು ಹೇಗಿದೆ ಕೇಳುತ್ತಿದ್ದರು. ನಾಟಕದ ಮಾತು ಎತ್ತುತ್ತಿರಲಿಲ್ಲ. ರಿಟೈರ್ ಆದ ಮೇಲೆ ಬಂಗಾರಪೇಟೆಗೆ ಮಗಳ ಮನೆಗೆ ಬಂದರು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಹೋಗುವುದು ಕಡಿಮೆಯಾಯಿತು. ಹೆಂಗಸಿನ ಮಾತುಗಳು ನನಗೆ ಇಂದಿಗೂ ಬಾಯಿಗೆ ಬರುತ್ತವೆ. ಗುಮಾಸ್ತನ ಮಾತುಗಳು ಅವರ ಜೊತೆ ಹೋದವು.

ಕಳೆದ ಭಾನುವಾರದ ಸಭೆಯಲ್ಲಿ ಹಸುವಿನಂಥ ಸ್ವಭಾವ ಎಂದವರು ಆ ಪ್ರೊಫೆಸರ್. "ನನ್ನ ರೂಪಾಂತರಕ್ಕೆ ಗಣಿಯ ಬಣ್ಣ ತುಂಬಿಕೊಟ್ಟ ಸಹೃದಯರು" ಎಂದು ಹೇಳಿ, ಗೌರವಕ್ಕಾಗಿ ಕೊನೆಯ ದೃಶ್ಯವನ್ನು ತಾವೇ ನಿಂತು ಓದಿದರು. ಗುಮಾಸ್ತನ ದನಿಯಲ್ಲಿ "ನಂಬರ್?" ಎಂದು ಕೇಳಿ, ನಾಟಕದ ಹೆಂಗಸಿನ ಹಾಗೆ ಕಣ್ಣು ಮುಚ್ಚಿ, ಕೈ ಮೇಲೆತ್ತಿ ಮೌನವಾದರು.

ಹಿಂದಿನ ಬೆಂಚಿನಿಂದ ಸ್ಪಷ್ಟವಾಗಿ ಕೇಳಿಸಿತು: "ಇಪ್ಪತ್ತೆರಡು ಹದಿನೇಳು."

ಎಲ್ಲರೂ ತಿರುಗಿದರು. ಆ ಹೆಂಗಸು, ಈಗ ಕೂದಲೆಲ್ಲ ಬೆಳ್ಳಗಾಗಿದೆ, ಮುಂದಿನ ಬೆಂಚಿನ ಪಟ್ಟಿ ಹಿಡಿದು ನಿಂತಿದ್ದರು. ಸಭೆ ನಡೆಸುತ್ತಿದ್ದವರು ಕೈ ಸನ್ನೆ ಮಾಡಿ, "ಅಮ್ಮಾ, ಮಧ್ಯೆ ಮಾತಾಡಬೇಡಿ. ಕೂತ್ಕೊಳ್ಳಿ" ಎಂದರು. ಪ್ರೊಫೆಸರ್ ಕಣ್ಣು ತೆರೆದು, ದೊಡ್ಡ ಮನಸ್ಸಿನಿಂದ ಮುಗುಳ್ನಕ್ಕು, ಮುಂದೆ ಓದಿದರು. ಆ ಹೆಂಗಸನ್ನು ಬಿಟ್ಟರೆ, ಅದು ಯಾರ ನಂಬರೆಂದು ಎದ್ದು ಹೇಳಬಹುದಾಗಿದ್ದವಳು ಆ ಸಭೆಯಲ್ಲಿ ನಾನೊಬ್ಬಳೇ. ನಾನು ಕೈಕಟ್ಟಿ ಕೂತಿದ್ದೆ.

ಹೊರಗೆ ಗೇಟಿನ ಹತ್ತಿರ ಆ ಹೆಂಗಸು ರಾಬರ್ಟ್‌ಸನ್‌ಪೇಟೆಯ ಬಸ್ಸಿಗೆ ಕಾಯುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಪಾಪಾ, ನೀನೂ ಶಿಫ್ಟ್ ಮುಗೀಲಿ ಅಂತ ಕೂತಿದ್ಯಾ?"

ಬಸ್ಸು ಬಂತು. ಹತ್ತಿ ಹೋದರು.

ಬಿಲ್ಲೆ ಕಿಟಕಿಯವರ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಹೆಸರು ಹೋಗಲಿ ಎಂದು ಅವರೇ ಹೇಳಿದ್ದರು. ಅವರು ಕಾಪಾಡಲು ಕೇಳಿಕೊಂಡದ್ದು ಬೇರೆ. ಹಲಗೆಗೆ ಬೆನ್ನು ಹಾಕಿ ಕೂತದ್ದು ಸಾಕು. ಕಂಬಿ ಹಿಡಿದು, ಅಳದೆ, ಅವರು ಕಲಿಸಿದ ಹಾಗೆಯೇ ಓದುತ್ತಿದ್ದೇನೆ: ಇಪ್ಪತ್ತೆರಡು ಹದಿನೇಳು.